ತೊಗರಿಗೆ ಬಿರುದು, ತೊಗಲಿಗೆ ದಂಡ

ಮೇ ತಿಂಗಳ ಕಲಬುರಗಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಅಭಾವ ನೀರಿಗೆ ಎಂದು ನೀವು ತಿಳಿದಿದ್ದರೆ, ವಧು-ವರರ ಸಮಾವೇಶಕ್ಕೆ ಒಮ್ಮೆಯೂ ಹೋಗಿಲ್ಲ ಎಂದೇ ಅರ್ಥ. ಅಲ್ಲಿ ಅಭಾವವಿರುವುದು ಬೆಳ್ಳಗಿನ ಕನ್ಯೆಯರಿಗೆ. ವರನ ಕಡೆಯ ಹಿರಿಯರೊಬ್ಬರು ಮೈಕ್ ಹಿಡಿದು, ‘ನಮಗೆ ಕೊಡುವುದು ಬಿಡುವುದು ಏನೂ ಬೇಡ, ಹುಡುಗಿ ಒಂದಿಷ್ಟು ಬೆಳ್ಳಗಿದ್ದರೆ ಸಾಕು’ ಎನ್ನುತ್ತಾರೆ. ಅವರ ಔದಾರ್ಯಕ್ಕೆ ಸಭೆ ಚಪ್ಪಾಳೆ ತಟ್ಟುತ್ತದೆ. ಹುಡುಗನ ಬಣ್ಣ ಯಾವುದೆಂದು ಯಾರೂ ಕೇಳುವುದಿಲ್ಲ. ಗಂಡಿಗೆ ಬಣ್ಣವಿರುವುದಿಲ್ಲ, ಹುದ್ದೆ ಇರುತ್ತದೆ.

2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಈ ಎರೆಮಣ್ಣು, ಈ ಹವೆ ಬೇರೆಲ್ಲಿ ಸಿಗಬೇಕು ಎಂದು ನಾವೆಲ್ಲ ಬೀಗಿದೆವು. ಅದೇ ನೆಲದ ಬಿಸಿಲು ಮನುಷ್ಯರ ಮೈಮೇಲೆ ಒತ್ತಿದ ಮುದ್ರೆಯನ್ನು ಮಾತ್ರ ಜಾತಕದ ದೋಷದಂತೆ ಮುಚ್ಚಿಡುತ್ತೇವೆ. ಮಾನವಶಾಸ್ತ್ರಜ್ಞೆ ನೀನಾ ಜಬ್ಲಾನ್ಸ್ಕಿ ಅವರ ವಾದವನ್ನು ಒಪ್ಪುವುದಾದರೆ, ಉರಿಬಿಸಿಲಿನ ನಾಡುಗಳಲ್ಲಿ ಚರ್ಮ ಕಪ್ಪಾಗಿ ಉಳಿದದ್ದಕ್ಕೆ ಮುಖ್ಯ ಕಾರಣ ಫೋಲೇಟ್ ಎಂಬ ಬಿ ಜೀವಸತ್ವ. ಬಿಸಿಲಿನ ನೇರಳಾತೀತ ಕಿರಣಗಳು ಅದನ್ನು ನಾಶ ಮಾಡುತ್ತವೆ, ಚರ್ಮಕ್ಕೆ ಕಪ್ಪು ಕೊಡುವ ಮೆಲನಿನ್ ಕಾಪಾಡುತ್ತದೆ. ಫೋಲೇಟ್ ಸಾಲದಿದ್ದರೆ ಗರ್ಭದಲ್ಲಿರುವ ಕೂಸಿನ ಬೆನ್ನುಹುರಿ ಸರಿಯಾಗಿ ಬೆಳೆಯದೇ ಹೋಗಬಹುದು. ಬಸುರಿಯರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಫೋಲಿಕ್ ಆಮ್ಲದ ಮಾತ್ರೆ ಕೊಡುವುದು ಅದಕ್ಕೇ. ಅತ್ತೆಯಾಗಲಿರುವ ಹಿರಿಯರಿಗೆ ಮೊಮ್ಮಗ ಬೇಕು, ಮೊಮ್ಮಗನಿಗೆ ಹಿಡಿದ ಛತ್ರಿ ಬೇಡ.

ಮೈಬಣ್ಣವನ್ನು ನಿರ್ಧರಿಸುವ ಜೀನ್‌ಗಳು ಹಲವು. ಅವುಗಳಲ್ಲಿ ದೊಡ್ಡದೊಂದನ್ನು, ಎಸ್‌ಎಲ್‌ಸಿ24ಎ5 ಎಂಬುದನ್ನು, ಅಮೆರಿಕದ ವಿಜ್ಞಾನಿಗಳು 2005ರಲ್ಲಿ ಪತ್ತೆ ಹಚ್ಚಿದ್ದು ಜೀಬ್ರಾಮೀನಿನ ಮೂಲಕ. ಆ ಜೀನ್‌ನಲ್ಲಿ ಒಂದೇ ಒಂದು ಡಿಎನ್‌ಎ ಅಕ್ಷರ ಬದಲಾದರೆ ಬಣ್ಣ ತಿಳಿಯಾಗುತ್ತದೆ. ಯುರೋಪಿನವರಲ್ಲಿ ಹೆಚ್ಚುಕಡಿಮೆ ಎಲ್ಲರಲ್ಲೂ ಇರುವ ಆ ಬದಲಾವಣೆ ನಮ್ಮ ದೇಶದಲ್ಲಿ ಕೆಲವರಲ್ಲಿದೆ, ಕೆಲವರಲ್ಲಿಲ್ಲ. ಒಂದೇ ತಾಯಿಯ ಇಬ್ಬರು ಮಕ್ಕಳಲ್ಲೂ ಹೀಗಾಗಬಹುದು. ಆ ಅಕ್ಷರ ಬದಲಾಗದ ತಪ್ಪಿಗೆ ಹುಡುಗಿಯ ಅಪ್ಪ ನಾಲ್ಕು ತೊಲ ಬಂಗಾರ ಹೆಚ್ಚಿಗೆ ತೂಗಬೇಕು. ಈ ಲೆಕ್ಕವೆಲ್ಲ ಗರ್ಭ ಕಟ್ಟಿದ ಗಳಿಗೆಯಲ್ಲೇ ಮುಗಿದಿರುತ್ತದೆ. ಆದರೂ ಏಳನೆಯ ತಿಂಗಳಲ್ಲಿ ಕೇಸರಿ ಹಾಲು ಕುಡಿಸುತ್ತೇವೆ. ಅದರಿಂದ ಮುಖ ಬೆಳಗುವುದು ಕಾಶ್ಮೀರದ ವ್ಯಾಪಾರಿಯದು. ಜೀನ್‌ನ ಕೈಲಾಗದ್ದನ್ನು ಸೂಪರ್ ಮಾರ್ಕೆಟ್ ಪ್ರದೇಶದ ಸ್ಟುಡಿಯೊ ಹುಡುಗನೊಬ್ಬ ಐದು ನಿಮಿಷದಲ್ಲಿ ಮಾಡಿ ಮುಗಿಸುತ್ತಾನೆ. ಅವನು ಕೊಡುವ ಚಿತ್ರದಲ್ಲಿ ಮೂಗು ಎಲ್ಲಿದೆ ಎಂದು ಹುಡುಕಬೇಕಾದಷ್ಟು ಬೆಳಕಿರುತ್ತದೆ. 1975ರಿಂದ ದೇಶವನ್ನು ಬೆಳ್ಳಗೆ ಮಾಡುತ್ತ ಬಂದ ಮುಲಾಮು ಕೂಡ 2020ರಲ್ಲಿ ನಾಚಿ ತನ್ನ ಹೆಸರಿನಿಂದ ಬಿಳುಪನ್ನು ಕಿತ್ತುಹಾಕಿತು. ನಮ್ಮ ಸಮಾವೇಶದ ಅರ್ಜಿಯಲ್ಲಿ ‘ಮೈಬಣ್ಣ’ದ ಕಲಂ ಇನ್ನೂ ಗಟ್ಟಿಯಾಗಿ ಕುಳಿತಿದೆ.

ಚಾರ್ಲ್ಸ್ ಡಾರ್ವಿನ್ 1860ರಲ್ಲಿ ಗೆಳೆಯ ಏಸಾ ಗ್ರೇಗೆ ಬರೆದ ಪತ್ರದಲ್ಲಿ, ನವಿಲುಗರಿ ಕಂಡರೆ ತನಗೆ ಹೊಟ್ಟೆ ತೊಳೆಸುತ್ತದೆ ಎಂದಿದ್ದ. ಓಡಲು ಅಡ್ಡಿ, ಅಡಗಲು ಅಡ್ಡಿ, ಇಂಥ ಬಾಲ ಯಾಕೆ ಉಳಿಯಿತು? 1871ರ ಹೊತ್ತಿಗೆ ಅವನ ಉತ್ತರ ಸಿದ್ಧವಾಗಿತ್ತು: ಹೆಣ್ಣು ಅದನ್ನು ಮೆಚ್ಚಿ ಆರಿಸಿತು, ಅದಕ್ಕೇ ಉಳಿಯಿತು. ಇಷ್ಟು ಭಾರ ಹೊತ್ತೂ ಬದುಕಿದ್ದಾನೆಂದರೆ ಗಂಡು ಗಟ್ಟಿಗನೇ ಇರಬೇಕು ಎಂದು ಇಸ್ರೇಲಿನ ಜೀವಶಾಸ್ತ್ರಜ್ಞ ಅಮೋಟ್ಸ್ ಜಹಾವಿ 1975ರಲ್ಲಿ ಇದಕ್ಕೊಂದು ವಿವರಣೆ ಸೇರಿಸಿದರು. ಪಾಪ, ಗಂಡು ನವಿಲು ತನ್ನ ಗರಿಯನ್ನು ತಾನೇ ಬೆಳೆಸಬೇಕು, ತಾನೇ ಹೊರಬೇಕು. ನಮ್ಮ ವರನ ಗರಿಗಳನ್ನು ನೋಡಿ: ಈ ಭಾಗದವರಿಗೆ ನೌಕರಿಯಲ್ಲಿ ಮೀಸಲಾತಿ ಕೊಡಿಸುವ 371(ಜೆ) ಪ್ರಮಾಣಪತ್ರ ಕೊಟ್ಟದ್ದು ಸಂವಿಧಾನ, ಇಪ್ಪತ್ತು ಎಕರೆ ಮಾಡಿಟ್ಟದ್ದು ಅಜ್ಜ, ಪಿಡಿಒ ಹುದ್ದೆ ಮಾತ್ರ ಸ್ವಂತದ್ದು, ಅದೂ ಫಲಿತಾಂಶ ಬಂದ ಮೇಲೆ. ಇನ್ನು ಆರಿಸುವವರು ಯಾರು? ವರನ ತಾಯಿ, ಸೋದರತ್ತೆ, ಕಾಕಾ ಮತ್ತು ಯಾವ ಸಂಬಂಧವೆಂದು ಯಾರಿಗೂ ಖಚಿತವಿಲ್ಲದ ಒಬ್ಬ ಹಿರಿಯರು. ಸುಸಲಾ, ಮಿರ್ಚಿ ಮುಗಿದು ಕೈ ತೊಳೆಯುವಷ್ಟರಲ್ಲಿ ತೀರ್ಪು ಹೊರಬಿದ್ದಿರುತ್ತದೆ. ಹುಡುಗಿಯನ್ನೂ ಒಂದು ಮಾತು ಕೇಳಬಾರದೇ ಎಂದರೆ, ‘ಅವಳನ್ನೇನು ಕೇಳುವುದು’ ಎಂಬ ಉತ್ತರ ಅವಳ ಅಪ್ಪನಿಂದಲೇ ಬರುತ್ತದೆ. ಡಾರ್ವಿನ್ ಒಮ್ಮೆ ಈ ಕಡೆ ಬಂದಿದ್ದರೆ ಲೈಂಗಿಕ ಆಯ್ಕೆಯನ್ನು ಕೈಬಿಟ್ಟು ಬೀಗರ ಆಯ್ಕೆ ಎಂಬ ಸಿದ್ಧಾಂತ ಮಂಡಿಸುತ್ತಿದ್ದ.

ಈ ಜಿಲ್ಲೆಗೆ ಇಂಥ ವಿಷಯ ಹೊಸದೇನಲ್ಲ. ನಮ್ಮ ಮರತೂರಿನ ವಿಜ್ಞಾನೇಶ್ವರ ಸುಮಾರು ಒಂಬತ್ತು ಶತಮಾನಗಳ ಹಿಂದೆಯೇ ಮಿತಾಕ್ಷರ ಎಂಬ ಧರ್ಮಶಾಸ್ತ್ರ ವ್ಯಾಖ್ಯಾನದಲ್ಲಿ, ಒಂದೇ ದೇಹದ ಅಂಶಗಳನ್ನು ಹಂಚಿಕೊಂಡವರು ಸಪಿಂಡರು ಎಂದು ವಿವರಿಸಿದ್ದ. ತಂದೆಯ ಕಡೆಯಿಂದ ಏಳು, ತಾಯಿಯ ಕಡೆಯಿಂದ ಐದು ತಲೆಮಾರಿನೊಳಗೆ ಮದುವೆ ಸಲ್ಲದು. ಆಸ್ತಿ ಹಂಚುವಾಗ ಮಿತಾಕ್ಷರವನ್ನು ಕಣ್ಣಿಗೊತ್ತಿಕೊಳ್ಳುತ್ತೇವೆ. ಮದುವೆಯ ಮಾತು ಬಂದಾಗ ಆ ಪುಟ ಹಾರಿಸುತ್ತೇವೆ. 1955ರ ಹಿಂದೂ ವಿವಾಹ ಕಾಯ್ದೆಯೂ ಸೋದರಮಾವ ಮತ್ತು ಅಕ್ಕ-ತಂಗಿಯ ಮಗಳ ಮದುವೆಯನ್ನು ನಿಷೇಧಿಸಿ, ರೂಢಿ ಇದ್ದವರಿಗೆ ಬಾಗಿಲು ತೆರೆದಿಟ್ಟಿದೆ. ಅಂಥ ದಂಪತಿಯ ಮಗುವಿನ ಯಾವುದೇ ಜೀನ್‌ನ ಎರಡೂ ಪ್ರತಿಗಳು ಒಬ್ಬನೇ ಪೂರ್ವಜನ ಒಂದೇ ಪ್ರತಿಯಿಂದ ಇಳಿದು ಬಂದಿರುವ ಸಾಧ್ಯತೆ ಎಂಟರಲ್ಲಿ ಒಂದು. ಮನೆತನದಲ್ಲಿ ಅಡಗಿ ಕುಳಿತ ರೋಗಗಳಿಗೆ ಅಷ್ಟು ಅವಕಾಶ ಸಾಕು. ಇದಕ್ಕೆ ಅರ್ಜಿಯಲ್ಲಿ ಕಲಂ ಇಲ್ಲ.

ಹಾಗಾಗಿ ಮೂರು ಸಮಾವೇಶ ಸುತ್ತಿ, ಮೂವತ್ತು ಹುಡುಗಿಯರನ್ನು ಬಣ್ಣ ಸಾಲದೆಂದು ತಳ್ಳಿಹಾಕಿದ ಮನೆಯವರು ಕೊನೆಗೆ ಅಕ್ಕನ ಮಗಳನ್ನೇ ತಂದುಕೊಳ್ಳುತ್ತಾರೆ. ಆಗ ಬಣ್ಣದ ಮಾತು ಏಳುವುದಿಲ್ಲ. ಯಾರಾದರೂ ಎತ್ತಿದರೂ ಹಿರಿಯರ ಬಳಿ ಉತ್ತರವಿದೆ: ‘ನಮ್ಮ ಮನೆಯ ಬಣ್ಣವೇ ಅಲ್ಲವೇ! ಹೊಲವೂ ಹೊರಗೆ ಹೋಗುವುದಿಲ್ಲ.’