ಪುಲಕೇಶಿ ಹೆಸರು: ಹುಲಿ ಕೊಂದ ಕಥೆ ನಿಜವಾ?

ಮನೆಯವರ ಗ್ರೂಪಿಗೆ ಒಂದು ಫಾರ್ವರ್ಡ್ ಬಂದಿತ್ತು. ‘ಬರಿಗೈಯಲ್ಲಿ ಹುಲಿ ಕೊಂದಿದ್ದಕ್ಕೆ ಪುಲಕೇಶಿ ಎಂಬ ಹೆಸರು ಬಂತು. ಎರಡು ಪಟ್ಟು ಬಲಶಾಲಿ, ಅದಕ್ಕೇ ಇಮ್ಮಡಿ.’ ಕೇಳೋಕೆ ಚೆನ್ನಾಗಿದೆ. ಆದರೆ ನಿಜ ಅಲ್ಲ.

ಇಮ್ಮಡಿ ಅಂದರೆ ಎರಡು ಪಟ್ಟು ಎಂಬ ಅರ್ಥ ಇರುವುದು ಹೌದು. ಇಲ್ಲಿ ಮಾತ್ರ ಅದು ‘ಎರಡನೆಯ’ ಎಂದಷ್ಟೇ. ಬಾದಾಮಿ ಚಾಲುಕ್ಯರ ದೊರೆ ಇಮ್ಮಡಿ ಪುಲಕೇಶಿಯ ಅಜ್ಜನ ಹೆಸರೂ ಪುಲಕೇಶಿಯೇ. ಅಜ್ಜನ ಹೆಸರು ಮೊಮ್ಮಗನಿಗೆ ಬಂದಿದೆ, ನಮ್ಮ ಮನೆಗಳಲ್ಲಿ ಆಗುತ್ತಲ್ವಾ, ಹಾಗೇ.

ಇನ್ನು ಅರ್ಥ. ಹಳಗನ್ನಡದಲ್ಲಿ ಹುಲಿಗೆ ‘ಪುಲಿ’ ಎನ್ನುತ್ತಿದ್ದರು. ಪಾಲು ಹಾಲಾದ ಹಾಗೆ ಪುಲಿ ಹುಲಿಯಾಯಿತು. ಕೇಶಿ ಅಂದರೆ ಕೂದಲುಳ್ಳವನು. ಹುಲಿಯಂಥ ಕೂದಲಿನವನು ಎಂದು ಕೆಲವು ವಿದ್ವಾಂಸರು ಬಿಡಿಸುತ್ತಾರೆ. ಸಂಸ್ಕೃತದಿಂದ ಬಂದದ್ದು, ‘ಮಹಾ ಸಿಂಹ’ ಎಂದರ್ಥ ಅನ್ನುವವರೂ ಇದ್ದಾರೆ. ಎರಡರಲ್ಲೂ ‘ಕೊಂದ’ ಎಂಬ ಮಾತೇ ಇಲ್ಲ. ಹುಲಿ ಹೊಡೆದ ಕಥೆ ಇರುವುದು ಹೊಯ್ಸಳರ ಸಳನದು. ಯಾರೋ ಅದನ್ನು ಸುಮ್ನೆ ಇಲ್ಲಿಗೆ ಅಂಟಿಸಿರಬೇಕು.

ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿ 634-35ರ ಶಾಸನವಿದೆ. ಕವಿ ರವಿಕೀರ್ತಿ ಬರೆದದ್ದು. ಅದರಲ್ಲಿ ಅಜ್ಜನ ಹೆಸರು ‘ಪೊಲೆಕೇಶಿ’ ಎಂದಿದೆ! ಮೊಮ್ಮಗನ ಎದುರು ಉತ್ತರದ ದೊರೆ ಹರ್ಷನಿಗೆ ಹರ್ಷವೇ ಹೋಯಿತು ಎಂದು ಚೇಷ್ಟೆ ಮಾಡುವುದೂ ಇದೇ ಶಾಸನ. ಹುಲಿ ಕೊಂದ ಕಥೆಗಿಂತ ನನಗೆ ಇದೇ ಜಾಸ್ತಿ ಇಷ್ಟ.

ಈಗ ಮಕ್ಕಳಿಗೆ ಈ ಹೆಸರಿಡುವವರು ಅಪರೂಪ. ಬೆಂಗಳೂರಿನಲ್ಲಿ ಫ್ರೇಜರ್ ಟೌನಿಗೆ ಪುಲಕೇಶಿನಗರ ಎಂದು ಹೆಸರಿಟ್ಟರೂ ಆಟೊದವರ ಬಾಯಲ್ಲಿ ಅದು ಇನ್ನೂ ಫ್ರೇಜರ್ ಟೌನೇ.