ತೊಂಬತ್ತು ತಾಸಿನ ಕೈಲಾಸ

ಉದ್ಯಮದಲ್ಲಿ ಉತ್ತಮ ನಾಯಕರಾಗುವುದು ಹೇಗೆಂದು ಕಲಿಸುವ ಕಾರ್ಯಾಗಾರವೊಂದಕ್ಕೆ ನಮ್ಮ ಮಾಲೀಕರು ಕಳೆದ ರವಿವಾರ ಮುಂಜಾನೆ ನಮ್ಮನ್ನೆಲ್ಲ ಹುಬ್ಬಳ್ಳಿಯ ಗೋಕುಲ ರಸ್ತೆಯ ಸಭಾಂಗಣಕ್ಕೆ ಕರೆಸಿಕೊಂಡಿದ್ದರು. ರವಿವಾರವೇ ಏಕೆಂದು ಯಾರೂ ಕೇಳಲಿಲ್ಲ. ವಾರಕ್ಕೆ 90 ತಾಸು ದುಡಿಯಿರಿ, ಮನೆಯಲ್ಲಿ ಕುಳಿತು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಎಂದು ಎಲ್ ಅಂಡ್ ಟಿ ಅಧ್ಯಕ್ಷರು ಅಪ್ಪಣೆ ಕೊಡಿಸಿದ ಸುದ್ದಿ 2025ರ ಜನವರಿಯಲ್ಲಿ ಬಂದಾಗಿನಿಂದ ನಮ್ಮ ಮಾಲೀಕರಿಗೂ ನಮ್ಮ ಸಂಸಾರಗಳ ಬಗ್ಗೆ ಕಾಳಜಿ ಹುಟ್ಟಿದೆ. ಒಂಬತ್ತಕ್ಕೆ ಬರಬೇಕಿದ್ದ ಭಾಷಣಕಾರರು ಹತ್ತೂವರೆಗೆ ಬಂದು ಸಮಯಪಾಲನೆಯಿಂದಲೇ ಮಾತು ಆರಂಭಿಸಿದರು.

ಗೋಡೆಯ ಪ್ಲಗ್ಗು ಸಡಿಲಾಗಿತ್ತು. ಪ್ರೊಜೆಕ್ಟರ್ ಆರಿಹೋಗದಂತೆ ನಮ್ಮ ಜವಾನನೊಬ್ಬ ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಗೋಡೆಗೆ ಮುಖ ಮಾಡಿ, ಮೂರು ತಾಸು ನಿಂತಿದ್ದ. ಪರದೆಯ ಮೇಲೆ ನಾಯಕನ ಹತ್ತು ಲಕ್ಷಣಗಳು ಮೂಡುತ್ತಿದ್ದವು. ನಾಯಕನು ದೂರದೃಷ್ಟಿಯವನು, ಹಸಿದವನು, ಹದ್ದಿನಂಥವನು. ಪಗಾರ ಕೊಡುವವನು ಎಂಬುದು ಹತ್ತರಲ್ಲಿ ಇರಲಿಲ್ಲ.

ವಾರದ ಏಳೂ ದಿನ ದುಡಿದರೂ 90 ತಾಸೆಂದರೆ ದಿನಕ್ಕೆ ಹೆಚ್ಚುಕಡಿಮೆ 13 ತಾಸು. 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ತಾಸು ಸಾಕೆಂದಿತ್ತು. ಸ್ವಾತಂತ್ರ್ಯ ಬಂದ ಮರುವರ್ಷವೇ ಅದನ್ನು ಬರೆದವರಿಗೆ ದೇಶ ಕಟ್ಟುವ ಆತುರ ಇರಲಿಲ್ಲವೆಂದು ಕಾಣುತ್ತದೆ. ಆ ಅಧ್ಯಕ್ಷರ 2023-24ರ ಸಂಭಾವನೆ ಅವರದೇ ಕಂಪನಿಯ ನಡುಸ್ತರದ ನೌಕರನ ಪಗಾರದ 500 ಪಟ್ಟಿಗೂ ಹೆಚ್ಚು. ಅವರು ರವಿವಾರ ದುಡಿದರೆ ನಮ್ಮದೇನೂ ತಕರಾರಿಲ್ಲ.

ಕಡೆಗೆ ಬರಬೇಕಾದದ್ದು ಬಂದೇ ಬಂತು: ‘ಕಾಯಕವೇ ಕೈಲಾಸ.’ ಈ ಮಾತನ್ನು ಫ್ಲೆಕ್ಸಿಗೆ ಏರಿಸಿದವರು ಅದು ಯಾರ ವಚನದಲ್ಲಿ ಬರುತ್ತದೆಂದು ಒಮ್ಮೆಯಾದರೂ ನೋಡಿದ್ದರೆ ಬೆವರುತ್ತಿದ್ದರು. ಆತ ಆಯ್ದಕ್ಕಿ ಮಾರಯ್ಯ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದವನು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಇಷ್ಟು ನಮಗೇಕೆ, ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದವಳು ಅವನ ಹೆಂಡತಿ ಲಕ್ಕಮ್ಮ. ಇಂದಿನ ಕಂಪನಿಯಲ್ಲಿ ಮಾರಯ್ಯನಿಗೆ ಗುರಿ ಮೀರಿದ್ದಕ್ಕೆ ಗಾಜಿನ ಫಲಕ ಸಿಗುತ್ತಿತ್ತು, ಮರುತಿಂಗಳಿಂದ ಆ ಹೆಚ್ಚಿನ ಅಕ್ಕಿಯೇ ಅವನ ಹೊಸ ಗುರಿಯಾಗುತ್ತಿತ್ತು. ಲಕ್ಕಮ್ಮನನ್ನು ಮನೋಭಾವ ಸರಿಯಿಲ್ಲವೆಂದು ತರಬೇತಿಗೆ ಹಾಕುತ್ತಿದ್ದರು. ಹೆಂಡತಿಯ ಮುಖ ನೋಡುವುದು ಉದ್ಯಮಕ್ಕೆ ಅಪಾಯಕಾರಿ ಎಂಬುದು ಈ ಒಂದು ಅರ್ಥದಲ್ಲಿ ಮಾತ್ರ ನಿಜ.

ಭಾಷಣಕಾರರು ಅಮೆರಿಕದ ಉದಾಹರಣೆಗಳನ್ನೇ ಕೊಟ್ಟರು. ಹುಬ್ಬಳ್ಳಿಯಿಂದ ಗದಗ ಅಷ್ಟು ದೂರವೇನಲ್ಲ. ಅಲ್ಲಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸಾವುಕಾರನ ಬಾಗಿಲಿಗೆ ಹೋಗುವುದು ತಪ್ಪಲಿ ಎಂಬುದಷ್ಟೇ ಅವರ ದೂರದೃಷ್ಟಿ. ಹದ್ದಿನ ಚಿತ್ರ ಹಾಕಿಸಿದ್ದರೋ ಇಲ್ಲವೋ.

ಇಷ್ಟು ಹೊತ್ತು ನಗುತ್ತ ಬರೆದೆ, ಇನ್ನು ಆಗುವುದಿಲ್ಲ. ನಮ್ಮಲ್ಲಿ ಎರಡು ತಿಂಗಳಿನಿಂದ ಪಗಾರ ಆಗಿಲ್ಲ. ವ್ಯಾಪಾರದಲ್ಲಿ ಏಳುಬೀಳು ಇರುವುದೇ, ಅದನ್ನು ಎದುರು ನಿಂತು ಹೇಳಿದ್ದರೆ ಕೇಳಿಕೊಳ್ಳುತ್ತಿದ್ದೆವು. ಹೇಳಲಿಲ್ಲ, ಅದರ ಬದಲು ಸಭಾಂಗಣಕ್ಕೆ ಬಾಡಿಗೆ ಕೊಟ್ಟು, ಭಾಷಣಕಾರರಿಗೆ ಶಾಲು ಹೊದಿಸಿ, ನಮ್ಮಲ್ಲಿ ಹಸಿವು ಕಡಿಮೆಯಾಗಿದೆ ಎಂದು ಹೇಳಿಸಿದರು. ಹಸಿವು ಏನೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ.

ಒಂದೂವರೆಗೆ ಎಲ್ಲರೂ ಊಟಕ್ಕೆ ಎದ್ದರು. ಜವಾನ ಪ್ಲಗ್ಗಿನಿಂದ ಕೈ ತೆಗೆದು, ಕೆಂಪಾದ ಹೆಬ್ಬೆರಳನ್ನು ತಿಕ್ಕಿಕೊಳ್ಳುತ್ತ ನನ್ನ ಹತ್ತಿರ ಬಂದ. ಗೋಡೆಯ ಕಡೆ ಮುಖ ಇದ್ದುದರಿಂದ ಅವನಿಗೆ ಪರದೆ ಕಂಡಿರಲಿಲ್ಲ.

“ಪಗಾರದ್ದು ಏನರ ಬರದು ತೋರಿಸಿದ್ರೇನ್ರೀ ಸರ?” ಎಂದು ಕೇಳಿದ.