ಮಷಿನ್ ನನ್ನದು, ಫೈಲ್ ನನ್ನ ಕೈಯಲ್ಲಿದೆ, ತೆರೆಯೋಕೆ ಮಾತ್ರ ಇನ್ನೊಮ್ಮೆ ದುಡ್ಡು ಕಟ್ಟಬೇಕಂತೆ

"ಈ ಫೈಲ್ ತೆರೆಯಲು ಅಪ್‌ಗ್ರೇಡ್ ಮಾಡಿ." ವಿನೈಲ್ ಅಂದರೆ ಅಂಟು ಹಾಳೆ, ಅದನ್ನು ಕತ್ತರಿಸುವ ನನ್ನ ಮಷಿನ್ ಜೊತೆ ಬಂದ ಸಾಫ್ಟ್‌ವೇರ್‌ನಲ್ಲಿ ಎಲ್ಲಿ ಒತ್ತಿದರೂ ಅದೇ ಬರುತ್ತಿತ್ತು. ಮುಚ್ಚಿ ಮತ್ತೆ ತೆರೆದೆ, ಅದೇ. ಎಳೆದು ತಂದು ಹಾಕಿದೆ, ಅದೇ. ಕೆಲಸ ಕೊಡೋಕೆ ಬಂದಿದ್ದ ಗಿರಾಕಿ ಎದ್ದು ಹೋಗಿ ಎಷ್ಟೋ ಹೊತ್ತಾಯಿತು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಅವರು ಕೇಳಿದ್ದು ದೊಡ್ಡ ಕೆಲಸವೇನೂ ಅಲ್ಲ. ಗಾಜಿನ ಬಾಗಿಲಿಗೆ ಒಂದು ಲೋಗೊ, ಕೆಳಗೆ ಎರಡು ಸಾಲು ಅಕ್ಷರ, ಒಂದೇ ಬಣ್ಣ. ಫೈಲ್ ಕೂಡ ಸರಿಯಾದದ್ದನ್ನೇ ತಂದಿದ್ದರು, ಎಸ್‌ವಿಜಿ, ಅಂದರೆ ಗೆರೆಗಳಾಗಿಯೇ ಉಳಿಸಿದ ಚಿತ್ರ. ಇದು ಎಷ್ಟು ಅಪರೂಪ ಅಂತ ಕಟಿಂಗ್ ಮಾಡುವವರಿಗೆ ಗೊತ್ತು. ಜನ ವಿಸಿಟಿಂಗ್ ಕಾರ್ಡಿನ ಫೋಟೊ ಹೊಡೆದು ಕಳಿಸುತ್ತಾರೆ. ಅದನ್ನು ಟ್ರೇಸ್ ಮಾಡಿ ಗೆರೆ ತೆಗೆದರೆ ಅಂಚೆಲ್ಲ ಗರಗಸ, ಒಂದು ಅಕ್ಷರಕ್ಕೇ ಬೇಡದ ನೋಡ್‌ಗಳ (ಗೆರೆ ತಿರುಗುವ ಚುಕ್ಕೆಗಳ) ರಾಶಿ, ವಿನೈಲ್ ಕೀಳುವಾಗ ಅಲ್ಲಲ್ಲಿ ಹರಿದು ಬರುತ್ತದೆ. ಇವರ ಡಿಸೈನರ್ ಹಾಗೆ ಮಾಡಿರಲಿಲ್ಲ. ಅಕ್ಷರಗಳನ್ನೆಲ್ಲ ಪಾತ್ (ಬ್ಲೇಡ್ ಹಿಡಿದು ಹೋಗುವ ಗೆರೆ) ಮಾಡಿದ್ದಾರೆ, ಒಂದರ ಮೇಲೊಂದು ಬಿದ್ದ ಕಡೆ ವೆಲ್ಡ್ ಮಾಡಿ ಒಂದಾಗಿಯೂ ಬೆಸೆದಿದ್ದಾರೆ ಅಂತ ಗಿರಾಕಿಯೇ ಹೇಳಿದರು. ಅಂದರೆ ನೇರ ಕಟಿಂಗ್‌ಗೆ ಹಾಕಬಹುದಿತ್ತು. ತೆರೆದಿದ್ದರೆ.

ಅವರು ನನ್ನ ಹಿಂದೆ ಬಂದು ನಿಂತು, ಪರದೆ ನೋಡಿ, "ಯಾಕೆ ಮೇಡಂ, ಫೈಲ್ ಸರಿ ಇಲ್ವಾ?" ಅಂದರು. ಫೈಲ್ ಸರಿ ಇದೆ, ಸಾಫ್ಟ್‌ವೇರ್ ತೆಗೆದುಕೊಳ್ಳುತ್ತಿಲ್ಲ ಅಂದೆ. ಅವರು ಏನೂ ಮಾತಾಡದೆ ಜೇಬಿನಿಂದ ಫೋನ್ ತೆಗೆದರು. ಅದೇ ಫೈಲ್ ಒತ್ತಿದರು. ಬ್ರೌಸರ್‌ನಲ್ಲಿ ಲೋಗೊ ತುಂಬಿಕೊಂಡು ಬಂತು. ಫೋನನ್ನು ನನ್ನ ಕಡೆ ತಿರುಗಿಸಿ ಹಿಡಿದರು. "ಇಲ್ಲಿ ಬರುತ್ತಲ್ಲ?"

ಏನು ಹೇಳಲಿ ಹೇಳಿ? ಒಂದು ಕಡೆ ಫೋನ್, ಇನ್ನೊಂದು ಕಡೆ ನನ್ನ ಮಷಿನ್. ಮಷಿನ್ ಮಾರಿದವರಿಗೆ ಫೋನ್ ಮಾಡಿದೆ. ಮೌಸ್ ಹಿಡಿದಿದ್ದೆ, ಅದಕ್ಕೆ ಸ್ಪೀಕರ್‌ಗೆ ಹಾಕಿದೆ. ಆ ಕಡೆಯಿಂದ ಜೋರಾಗಿ ನಗು. "ಅಯ್ಯೋ ಮೇಡಂ, ನಿಮ್ಮದು ಫ್ರೀ ವರ್ಷನ್ ಅಲ್ವಾ? ಅದು ಮಕ್ಕಳು ಆಟ ಆಡೋಕೆ. ಬಿಸಿನೆಸ್ ಮಾಡೋರು ದೊಡ್ಡ ಪ್ಯಾಕೇ ತಗೋತಾರೆ." ಬಾಯಿಂದ ಮಾತು ಹೊರಡಲಿಲ್ಲ. ಮಷಿನ್ ಮಾರುವಾಗ ಇದೇ ಬಾಯಿ "ಸಾಫ್ಟ್‌ವೇರ್ ಜೊತೆಗೇ ಬರುತ್ತೆ, ಏನೂ ತಲೆನೋವಿಲ್ಲ" ಅಂದಿತ್ತು. ಆಗ ಮಕ್ಕಳು, ಆಟ ಯಾವುದೂ ಇರಲಿಲ್ಲ.

ಅದನ್ನೂ ಸಹಿಸಿಕೊಳ್ಳುತ್ತಿದ್ದೆ. ಆದರೆ ನನ್ನ ಹಿಂದೆ ನಿಂತಿದ್ದವರು ಎಲ್ಲ ಕೇಳಿಸಿಕೊಂಡು, ತುಂಬ ಮೆಲ್ಲಗೆ, ಮರ್ಯಾದೆಯಿಂದಲೇ, "ಪರವಾಗಿಲ್ಲ ಮೇಡಂ, ನೀವು ಇನ್ನೂ ಕಲೀತಾ ಇದ್ದೀರ ಅನ್ಸುತ್ತೆ" ಅಂದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಕನಿಕರ ತೋರಿಸಿದರು. ಪೆನ್‌ಡ್ರೈವ್ ತೆಗೆದುಕೊಂಡು ಹೋದರು. ಕಲೀತಾ ಇದ್ದೇನಂತೆ! ಬ್ಲೇಡ್ ಎಷ್ಟು ಇಳಿಸಬೇಕು, ಒತ್ತಡ ಎಷ್ಟಿಡಬೇಕು, ಯಾವ ವಿನೈಲ್ ಹೇಗೆ ಕುಗ್ಗುತ್ತದೆ, ಎಲ್ಲ ಗೊತ್ತಿದೆ ನನಗೆ. ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ನಿಲ್ಲಿಸಿದ್ದು ಒಂದು ಬಟನ್.

ಸಿಟ್ಟು ಬರುವುದು ಇದಕ್ಕೇ. ಎಸ್‌ವಿಜಿ ಯಾರ ಅಪ್ಪನ ಆಸ್ತಿಯೂ ಅಲ್ಲ. 2001ರಲ್ಲೇ ವೆಬ್‌ಗೆ ಮಾನದಂಡ ಮಾಡುವ ಸಂಸ್ಥೆ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಅದನ್ನು ಎಲ್ಲರಿಗೂ ಮುಕ್ತವಾದ ಮಾದರಿಯಾಗಿ ಹೊರತಂದಿದೆ. ಅದನ್ನು ಓದೋಕೆ ಯಾರೂ ಯಾರಿಗೂ ಕಾಸು ಕೊಡಬೇಕಿಲ್ಲ. ಒಳಗೆ ಇರುವುದು ಬರೀ ಬರಹ: ಇಲ್ಲಿಂದ ಅಲ್ಲಿಗೆ ಗೆರೆ, ಇಲ್ಲಿ ತಿರುವು. ಕಟ್ಟರ್‌ಗೆ ಬೇಕಾಗಿರುವುದೂ ಅಷ್ಟೇ. ಎಷ್ಟೋ ಕಟ್ಟರ್‌ಗಳು ಇವತ್ತಿಗೂ ಕೇಳುವುದು ಹೆಚ್‌ಪಿಜಿಎಲ್ ಅನ್ನೋ ಆಜ್ಞೆಗಳ ಭಾಷೆಯ ಮಾತನ್ನು. 1970ರ ದಶಕದಲ್ಲಿ ಪೆನ್ ಹಿಡಿದು ಚಿತ್ರ ಬಿಡಿಸುತ್ತಿದ್ದ ಪ್ಲಾಟರ್‌ಗಳ ಕಾಲದ್ದು ಅದು. ಪಿಯು ಅಂದರೆ ಪೆನ್ ಎತ್ತು, ಪಿಡಿ ಅಂದರೆ ಪೆನ್ ಇಳಿಸು. ಒಂದು ಯೂನಿಟ್ ಅಂದರೆ 0.025 ಮಿ.ಮೀ. ಇಷ್ಟಕ್ಕೆ ದೊಡ್ಡ ಪ್ಯಾಕ್ ಬೇಕಾ? ಬಾವಿ ಮಾರಿದ ಮೇಲೆ ಹಗ್ಗಕ್ಕೆ ಬಾಡಿಗೆ ಕೇಳಿದ ಹಾಗಾಯಿತು.

ಸರಿ, ಕಟ್ಟಿಬಿಡೋಣ ಅಂತಲೂ ಅನ್ನಿಸುತ್ತದೆ. ಎಲ್ಲರೂ ಕಟ್ಟುತ್ತಾರೆ, ನಾನೇನು ಲೋಕ ತಿದ್ದೋಕೆ ಬಂದವಳಾ? ಹೋದ ಕೆಲಸ ಹೋಯಿತು, ಮುಂದಿನದ್ದಾದರೂ ಉಳಿಯಲಿ.

ಇಲ್ಲ, ಕಟ್ಟಲ್ಲ. ಯಾಕೆ ಕಟ್ಟಬೇಕು? ಇವತ್ತು ಎಸ್‌ವಿಜಿಗೆ, ನಾಳೆ ಇನ್ನೊಂದಕ್ಕೆ. 2021ರ ಮಾರ್ಚ್‌ನಲ್ಲಿ ಇಂಥದ್ದೇ ಕಟಿಂಗ್ ಮಷಿನ್ ಮಾರುವ ಕ್ರಿಕಟ್ ಕಂಪನಿ ಏನು ಮಾಡೋಕೆ ಹೊರಟಿತ್ತು ನೆನಪಿದೆಯಾ? ಚಂದಾ ಕಟ್ಟದವರು ತಿಂಗಳಿಗೆ 20 ಚಿತ್ರ ಮಾತ್ರ ಅಪ್‌ಲೋಡ್ ಮಾಡಬೇಕು ಅಂತ ಘೋಷಿಸಿತ್ತು. ದುಡ್ಡು ಕೊಟ್ಟು ಮಷಿನ್ ಮನೆಗೆ ತಂದವರಿಗೆ! ಜನ ತಿರುಗಿಬಿದ್ದ ಮೇಲೆ ಅದನ್ನು ಕೈಬಿಟ್ಟರು. ಅಂದರೆ ಕೂಗಿದರೆ ಕೇಳುತ್ತಾರೆ ಅಂತಾಯಿತು, ಅಲ್ವಾ?

ಹಾಗಾದರೆ ಯಾವ ಸಾಫ್ಟ್‌ವೇರ್ ಹಿಡಿಯಲಿ? ಯಾರನ್ನು ಕೇಳಿದರೂ ಅವರು ಬಳಸುವುದರ ಹೆಸರು ಹೇಳಿ ಸುಮ್ಮನಾಗುತ್ತಾರೆ. ಒಬ್ಬರು ಕೋರೆಲ್ ಡ್ರಾ ಅನ್ನುತ್ತಾರೆ. ಇನ್ನೊಬ್ಬರು ಇಲ್ಲಸ್ಟ್ರೇಟರ್ ಬಿಟ್ಟರೆ ಬೇರೆ ಇಲ್ಲ ಅನ್ನುತ್ತಾರೆ. ಅಡೋಬಿ 2013ರಿಂದ ಅದರ ಹೊಸ ಆವೃತ್ತಿಗಳನ್ನು ಚಂದಾಕ್ಕೇ ಕೊಡುತ್ತಿದೆ, ಚಂದಾ ನಿಲ್ಲಿಸಿದರೆ ಅದೂ ನಿಂತಿತು. ಇಂಕ್‌ಸ್ಕೇಪ್ ಇದೆ, 2003ರಿಂದ ಇದೆ, ಬಿಟ್ಟಿ. ದಪ್ಪ ಗೆರೆಯನ್ನು ಪಾತ್ ಮಾಡುವುದು, ಅಕ್ಷರ ಬೆಸೆಯುವುದು, ಎಲ್ಲ ಆಗುತ್ತದೆ. ಚಿತ್ರ ಬಿಡಿಸೋಕೆ ನನಗೆ ಅದೇ ಸಾಕು. ಆದರೆ ಬಿಡಿಸುವುದು ಬೇರೆ, ಮಷಿನ್ ಓಡಿಸುವುದು ಬೇರೆ. ಈ ಮಾತನ್ನು ಮಾರುವ ಮೊದಲು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೆಚ್‌ಪಿಜಿಎಲ್ ಕೇಳುವ ಮಷಿನ್ ಆದರೆ ಇಂಕ್‌ಸ್ಕೇಪ್‌ನಿಂದಲೇ ಪ್ಲಾಟ್ ಅನ್ನೋ ಆಯ್ಕೆ ಒತ್ತಿ ಕಳಿಸಬಹುದು. ತನ್ನದೇ ಗುಟ್ಟಿನ ಭಾಷೆ ಮಾತಾಡುವ ಮಷಿನ್ ಆದರೆ ಮತ್ತೆ ಆ ಕಂಪನಿಯ ಬಾಗಿಲಿಗೇ ಹೋಗಿ ನಿಲ್ಲಬೇಕು.

ಸೈಜ್ ಕಥೆ ಇನ್ನೊಂದು. ಇಂಚಿಗೆ 72 ಪಿಕ್ಸೆಲ್ ಅಂತ ಲೆಕ್ಕ ಹಾಕಿ ಬರೆದ ಎಸ್‌ವಿಜಿಯನ್ನು 96 ಅಂತ ಓದುವ ಸಾಫ್ಟ್‌ವೇರ್‌ನಲ್ಲಿ ತೆರೆದರೆ, 100 ಮಿ.ಮೀ. ಲೋಗೊ 75 ಆಗಿ ಕೂರುತ್ತದೆ. ನೋಡೋಕೆ ಏನೂ ವ್ಯತ್ಯಾಸ ಗೊತ್ತಾಗಲ್ಲ. ಕಟ್ ಆದ ಮೇಲೆ ಗಾಜಿಗೆ ಹಿಡಿದಾಗಲೇ ಗೊತ್ತಾಗೋದು. ವಿನೈಲ್ ದಂಡ. ಯಾರು ಕೊಡುತ್ತಾರೆ ಅದರ ದುಡ್ಡು?

ಮಾರುವವರಿಗೆ ಒಂದೇ ಪ್ರಶ್ನೆ, ಯಾರಾದರೂ ಉತ್ತರ ಕೊಡಿ. ಬಾಕ್ಸ್ ಮೇಲೆ ವೇಗ ಬರೆಯುತ್ತೀರಿ, ಅಗಲ ಬರೆಯುತ್ತೀರಿ, ಗ್ರಾಂ ಲೆಕ್ಕದಲ್ಲಿ ಒತ್ತಡ ಬರೆಯುತ್ತೀರಿ. ಬಿಟ್ಟಿ ಸಾಫ್ಟ್‌ವೇರ್ ಯಾವ ಫೈಲ್ ತೆರೆಯುವುದಿಲ್ಲ ಅಂತ ಒಂದು ಸಾಲು ಬರೆಯೋಕೆ ಏನು ಕಷ್ಟ? ಬೇರೆ ಸಾಫ್ಟ್‌ವೇರ್‌ನಿಂದ ಈ ಮಷಿನ್ ಓಡುತ್ತದಾ ಇಲ್ವಾ ಅಂತ ಇನ್ನೊಂದು ಸಾಲು?

ಯಾರೂ ಬರೆಯಲ್ಲ, ಗೊತ್ತು. ಬರೆದರೆ ಮಷಿನ್ ಹೋಗಲ್ಲ. ನನ್ನದು ಮಾರಿ ಬೇರೆ ತೆಗೆದುಕೊಳ್ಳೋಣ ಅಂದರೆ ಕೊಳ್ಳುವವರೂ ಇದೇ ಬಟನ್ ಮುಂದೆ ಕೂರಬೇಕಲ್ಲ. ಅದಕ್ಕೂ ಮನಸ್ಸು ಬರುತ್ತಿಲ್ಲ.

ಇಂಕ್‌ಸ್ಕೇಪ್‌ನಿಂದಲೇ ನೇರವಾಗಿ ಕಟ್ ಮಾಡುವವರು ಇದ್ದರೆ ದಯವಿಟ್ಟು ಹೇಳಿ. ಯಾವ ಮಷಿನ್, ಯಾವ ಪೋರ್ಟ್. ಬ್ಲೇಡ್ ಆಫ್‌ಸೆಟ್ (ಬ್ಲೇಡಿನ ತುದಿ ಅದು ತಿರುಗುವ ನಡುವಿನಿಂದ ಎಷ್ಟು ದೂರ ಅನ್ನೋದು) ಸಾಮಾನ್ಯವಾಗಿ ಇಡುವ 0.25 ಮಿ.ಮೀ. ಸಾಕಾ, ಮೂಲೆಗಳು ದುಂಡಗಾಗದೆ ಚೂಪಾಗಿ ಬರುತ್ತವಾ, ಅದನ್ನೂ ಹೇಳಿ.